ಗಿಡಾ ಹಚ್ಚಿದ ದಿನಾ ಎಣಿಸೋದು ಬ್ಯಾಡ, ಬಸವ ಜಯಂತಿಗೆ ಎಣಿಸೋಣು

ತಮ್ಮಾ, ನೀ ನಿನ್ನೆ ರಾತ್ರಿ ಗ್ರೂಪಿಗೆ ಹಾಕಿದ್ದು ಮುಂಜಾನಿ ಚಹಾ ಕುಡಕೋತ ನೋಡಿದೆ, ಐರ್ಲೆಂಡಿನ ಆ ಸಣ್ಣ ಊರಿನ ವಿಡಿಯೋ, ಮನಿ ಮನಿ ಮುಂದ ಹೂವಿನ ಬುಟ್ಟಿ ತೂಗು ಹಾಕಿದ್ದು, ಎರಡು ಸಲಾ ನೋಡಿದೆ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ನಾಕೂ ಕಡೆ ನಮ್ಮ ಮಂದಿ ಅದಾರ, ಜೂನ್ 5ಕ್ಕ, ಪರಿಸರ ದಿನಾ, ಒಂದೊಂದು ಓಣಿಯವರು ನೂರು ನೂರು ಗಿಡಾ ಹಚ್ಚಿ ಫೋಟೋ ಹಾಕೋದು, ಯಾರು ಹೆಚ್ಚು ಹಚ್ಚತಾರ ಅವರು ಗೆದ್ದಂಗ, ಸೋತವರು ಪೇಡೆ ಕೊಡಸೋದು ಅಂತ ಬರದೀ. ಭಾಳ ಖುಷಿ ಆತು ನೋಡು, ನಮ್ಮ ಹುಡುಗ್ರಿಗೆ ಇಂಥಾ ವಿಚಾರ ಬರಾಕತ್ತೈತಲಾ ಅಂತ. ಆದ್ರ ಆ "ಯಾರು ಹೆಚ್ಚು ಹಚ್ಚತಾರ" ಅನ್ನೋದನ್ನ ತಗದು "ಯಾರವು ಹೆಚ್ಚು ಉಳೀತಾವ" ಅಂತ ಮಾಡೋಣು. ಯಾಕಂತ ಹೇಳ್ತೀನಿ, ಸ್ವಲ್ಪ ಉದ್ದ ಆಗತೈತಿ, ಕಾಕಾ, ದೊಡ್ಡವ್ವಾ, ನೀವೂ ಪೂರ್ತಿ ಕೇಳ್ರಿ.

ಮೂರು ವರ್ಷದ ಹಿಂದ ಇಲ್ಲಿ ಧಾರವಾಡದಾಗ ನಮ್ಮ ಓಣಿಯವರೂ ಹಿಂಗ ಮಾಡಿದ್ವಿ. ನಲವತ್ತು ಅಗಿ ತಂದ್ವಿ, ಬ್ಯಾನರ್ ಕಟ್ಟಿದ್ವಿ, ಎಂಟಕ್ಕ ಶುರು ಮಾಡಿ ಹತ್ತೂವರಿಗೆ ಮುಗಿಸಿ ಎಲ್ಲಾರೂ ಕೂಡಿ ಉಪ್ಪಿಟ್ಟು ತಿಂದು ಮನಿಗೆ ಬಂದ್ವಿ. ಶಿವರಾತ್ರಿ ಹೊತ್ತಿಗೆ ಒಂಬತ್ತು ಉಳಿದಿದ್ವು. ಒಂದಿಷ್ಟು ಆಡು ತಿಂದ್ವು, ಒಂದಿಷ್ಟು ನೀರಿಲ್ಲದ ಹೋದ್ವು. ಒಣಗಿದ ಒಂದು ಹೊಂಗಿ ಅಗಿ ಹಿಡದು ಜಗ್ಗಿದೆ, ಮಣ್ಣಿನ ಹೆಂಟಿ ಸಮೇತ ಸರಕ್ಕನ ಮ್ಯಾಲೆ ಬಂತು, ನೋಡ್ತೀನಿ ಕರೀ ಪ್ಲಾಸ್ಟಿಕ್ ಪಾಕೀಟು ಹಂಗ ಐತಿ, ಹರದೇ ಇಲ್ಲ, ಬೇರು ಒಳಗ ಸುತ್ತಿ ಸುತ್ತಿ ಕೊಡದ ಕೆಳಗಿನ ಸಿಂಬಿ ಆದಂಗ ಆಗ್ಯಾವ, ಒಂದರೆ ಬೇರು ಹೊರಗಿನ ಮಣ್ಣು ಮುಟ್ಟಿಲ್ಲ. ಎಂಟು ತಿಂಗಳು ಆ ಕೂಸು ಪಾಕೀಟಿನಾಗ ಕುಂತು ನೀರು ಹುಡುಕೈತಿ. ಅದನ್ನ ಯಾರು ಹಚ್ಚಿದ್ರೋ ಗೊತ್ತಿಲ್ಲ, ನನ್ನ ಕೈಯಾಗಿಂದೇ ಇದ್ದರೂ ಇರಬಹುದು, ಅವತ್ತು ಎಲ್ಲಾರಿಗೂ ಎಣಿಕಿ ಮುಗಿಸೋ ಗಡಿಬಿಡಿ ಇತ್ತು. ಅದಕ್ಕ ಎಣಿಕಿ ಮ್ಯಾಲೆ ಪೈಪೋಟಿ ಇಟ್ಟರ ಹಿಂಗ ಆಗತೈತಿ ಅಂತ ನನಗ ಗ್ಯಾರಂಟಿ.

ಮತ್ತ ನೀ ಕಳಿಸಿದ ಆ ಊರಿನವರ ಸ್ಪರ್ಧಾನೂ ಹಂಗಿಲ್ಲಪಾ, ನಾ ಕುಂತು ಹುಡುಕಿ ಓದಿದೆ. ಟೈಡಿ ಟೌನ್ಸ್ ಅಂತ ಅದರ ಹೆಸರು, ಯಾವ ಊರು ಚೊಕ್ಕ ಚಂದ ಐತಿ ಅಂತ ನೋಡೋದು, 1958ರಾಗ ಶುರು ಆಗೈತಿ, ಮೊದಲನೇ ವರ್ಷ 52 ಊರು ಸೇರಿದ್ವಂತ, ಡೊನೆಗಾಲ್ ಕಡೆ ಗ್ಲೆಂಟೀಸ್ ಅನ್ನೋ ಸಣ್ಣ ಊರು ಗೆದ್ದಿತ್ತು. ನೋಡೋರು ಬರ್ತಾರಲಾ, ಅವರು ಹೇಳದ ಕೇಳದ ಬರ್ತಾರ, ಯಾವ ದಿನಾ ಅಂತ ಊರಿಗೆ ಗೊತ್ತಿರಂಗಿಲ್ಲ. ಹೂ ಒಂದೇ ಅಲ್ಲ, ಕಸಾ, ಬೀದಿ, ಹಳೇ ಕಟ್ಟಡ, ಹಕ್ಕಿ ಹುಳದ ಜಾಗಾ ಎಲ್ಲಾ ನೋಡಿ ಅಂಕ ಹಾಕ್ತಾರ, ಆಮ್ಯಾಲೆ ಒಂದೊಂದು ಊರಿಗೂ ಇದು ಚಲೋ ಐತಿ, ಇದನ್ನ ಹಿಂಗ ಸುಧಾರಿಸ್ರಿ ಅಂತ ಬರದು ಕೊಡ್ತಾರ. ನನಗ ಎಲ್ಲಾದಕ್ಕಿಂತ ಆ ಬರದು ಕೊಡೋದು ಮನಸಿಗೆ ಹತ್ತಿತು, ಯಾಕಂದ್ರ ಸೋತ ಊರಿಗೂ ಮುಂದಿನ ವರ್ಷಕ್ಕ ಕೆಲಸಾ ಸಿಗತೈತಿ. ಬ್ರಿಟನ್‌ದಾಗೂ ಇಂಥಾದ್ದು 1960ರ ದಶಕದಿಂದ ನಡದೈತಿ, ಅಲ್ಲಿ ಜನಸಂಖ್ಯಾ ನೋಡಿ ಸಣ್ಣ ಹಳ್ಳಿ ಬ್ಯಾರೆ, ಪ್ಯಾಟಿ ಬ್ಯಾರೆ ಅಂತ ಗುಂಪು ಮಾಡ್ತಾರ. ಹುಬ್ಬಳ್ಳಿ ಓಣಿನೂ ಹಾವೇರಿ ಓಣಿನೂ ಒಂದೇ ತಕ್ಕಡ್ಯಾಗ ತೂಗಿದ್ರ ನ್ಯಾಯ ಆಗಂಗಿಲ್ಲಲಾ. ಅದಕ್ಕ ನಾವೂ ಎಷ್ಟು ಹಚ್ಚಿದ್ರಿ ಅದರಾಗ ಎಷ್ಟು ಉಳದಾವ ಅಂತ ಲೆಕ್ಕಾ ಹಿಡಿಯೋಣು, ಹತ್ತು ಹಚ್ಚಿ ಒಂಬತ್ತು ಉಳಿಸಿದವರು ನೂರು ಹಚ್ಚಿ ಮೂವತ್ತು ಉಳಿಸಿದವರಿಗಿಂತ ಮುಂದ.

ಆದ್ರ ಒಂದು ಮಾತು, ಅವರ ಬುಟ್ಟಿ ಹೂವು ನಮಗ ಬ್ಯಾಡ. ಅವರಿಗೆ ಬ್ಯಾಸಿಗ್ಯಾಗೂ ಮಳಿ ಬರತೈತಿ, ನಮಗ ಏಪ್ರಿಲ್‌ದಾಗ ಮಣ್ಣಾಗ ಕೈ ಇಡಾಕ ಆಗಂಗಿಲ್ಲ. ತೂಗು ಬುಟ್ಟಿಗೆ ದಿನಾ ಎರಡು ಹೊತ್ತು ನೀರು ಬೇಕು, ನಮ್ಮ ಓಣಿಗೆ ನಳಾ ಬರೋದು ವಾರಕ್ಕೊಮ್ಮೆ. ಮನಿ ಮುಂದ ದಾಸಾಳ, ಅಬ್ಬಲಿಗಿ, ದುಂಡಮಲ್ಲಿಗಿ ಇದ್ರ ಸಾಕು, ಪೂಜಿಗೂ ಆತು ತುರುಬಿಗೂ ಆತು, ದೊಡ್ಡವ್ವನ ಹಿತ್ತಲದಾಗಿನ ಅಬ್ಬಲಿಗಿ ಬೀಜಾ ನಾಕೂ ಊರಿಗೆ ಹಂಚಿದ್ರ ಅದಕ್ಕಿಂತ ಚಂದ ಏನೈತಿ. ರಸ್ತೆ ಬಾಜೂಕ ಮಾತ್ರ ನೆರಳಿನ ಗಿಡಾನೇ ಬೇಕು. ರೋಡ್ ಅಗಲ ಮಾಡುವಾಗ ಹುಬ್ಬಳ್ಳಿ ಧಾರವಾಡ ನಡುವಿನ ದೊಡ್ಡ ದೊಡ್ಡ ಗಿಡಾ ಹೋದ ಮ್ಯಾಲೆ ಮಧ್ಯಾಹ್ನ ಬಸ್ಸಿಗೆ ನಿಂತರ ತಲಿ ಸುಡತೈತಿ, ನನಗ ಇನ್ನೂ ಆ ಜಾಗಾ ದಾಟುವಾಗ ಹೊಟ್ಟ್ಯಾಗ ಸಂಕಟ ಆಗತೈತಿ.

ಊರಿಗೆ ತಕ್ಕ ಗಿಡಾ ಆರಿಸ್ರಿ ಮತ್ತ. ಗದಗಿನ ಅಕ್ಕಾ, ನಿಮ್ಮ ಕಡೆ ಎರಿ ಮಣ್ಣು, ಬ್ಯಾಸಿಗ್ಯಾಗ ಕೈ ಹೋಗೋವಷ್ಟು ಬಿರಕ ಬಿಡತೈತಿ, ಆ ಬಿರಕಿನಾಗ ಎಳೀ ಬೇರು ಹರದು ಹೋಗ್ತಾವ, ಬುಡಕ್ಕ ಒಣಾ ಎಲಿ, ಕಬ್ಬಿನ ರವದಿ, ಏನರೆ ದಪ್ಪಗ ಮುಚ್ಚಬೇಕು. ಅಲ್ಲಿ ಬೇವು, ಹುಣಸಿ, ಹೊಂಗಿ ತಡೀತಾವ. ಇಲ್ಲಿ ಧಾರವಾಡಕ್ಕ ನೇರಲ, ಮಾವು, ಅತ್ತಿ ನಡೀತಾವ. ಕರೆಂಟಿನ ತಂತಿ ಕೆಳಗ ಮಾತ್ರ ಆಲ, ಅರಳಿ ಹಚ್ಚಲೇಬ್ಯಾಡ್ರಿ, ನಾಳೆ ದೊಡ್ಡದಾದ ಮ್ಯಾಲೆ ಯಾರೋ ಬಂದು ತಲಿ ಕಡೀತಾರ. ಗದಗಿನವರಿಗೆ ನಾ ಹೆಚ್ಚು ಹೇಳೋದು ಬೇಕಿಲ್ಲ ಬಿಡ್ರಿ, ಕಪ್ಪತಗುಡ್ಡದ ಕಾಡು ಉಳಿಸಾಕ ಬೀದಿಗಿಳಿದ ಊರದು, 2019ರಾಗ ಅದು ವನ್ಯಜೀವಿ ಧಾಮ ಆದಾಗ ನಮಗೆಲ್ಲಾ ಎಷ್ಟು ಹೆಮ್ಮಿ ಆಗಿತ್ತು.

ಸಾಲುಮರದ ತಿಮ್ಮಕ್ಕನ ಹೆಸರು ಹೇಳ್ತೀವಲಾ ಎಲ್ಲಾರೂ, ಹುಲಿಕಲ್ಲಿಂದ ಕುದೂರು ತನಕ 385 ಆಲದ ಗಿಡಾ. ಆ ಗಂಡಾ ಹೆಂಡತಿ ಮೊದಲನೇ ವರ್ಷ ಹಚ್ಚಿದ್ದು ಬರೇ ಹತ್ತು, ಮುಂದಿನ ವರ್ಷ ಹದಿನೈದು, ಅದರ ಮುಂದಿನ ವರ್ಷ ಇಪ್ಪತ್ತು. ಮೈಲುಗಟ್ಟಲೆ ಕೊಡದಾಗ ನೀರು ಹೊತ್ತಾರ, ದನಾ ತಿನ್ನಬಾರದಂತ ಮುಳ್ಳು ಕಟ್ಟ್ಯಾರ. ಎಷ್ಟಕ್ಕ ನೀರು ಹೊರಾಕ ಆಗತೈತೋ ಅಷ್ಟೇ ಹಚ್ಚ್ಯಾರ ನೋಡ್ರಿ. ನಾವು ಒಂದು ಮುಂಜಾನ್ಯಾಗ ನೂರು ಹಚ್ಚತೀವಿ ಅಂತೀವಿ, ಆ ನೂರಕ್ಕ ಮಾರ್ಚದಾಗ ಯಾರು ನೀರು ಹಾಕೋರು, ಹೆಸರು ಹೇಳ್ರಿ?

ನಮ್ಮ ಓಣ್ಯಾಗ ಉಳದ ಒಂಬತ್ತರಾಗ ನಾಕು ಮೂಲಿ ಮನಿ ಆಯಿ ಉಳಿಸಿದ್ದು. ಆಯಿ ಅಕ್ಕಿ ತೊಳದ ನೀರು, ಕಾಯಿಪಲ್ಯ ತೊಳದ ನೀರು ಒಂದು ಬಕೀಟಿನಾಗ ಕೂಡಿಸಿ ಇಡತಾರ, ಸಂಜಿಮುಂದ ದೇವರ ದೀಪಾ ಹಚ್ಚೋಕಿಂತ ಮೊದಲ ಒಂದೊಂದು ಚೆಂಬು ಹಾಕಿ ಬರ್ತಾರ, ಹಾಕುವಾಗ ಅದರ ಕೂಡ ಮಾತಾಡ್ತಾರ, "ಇವತ್ತು ಭಾಳ ಬಿಸಲವಾ, ಇಷ್ಟ ಐತಿ" ಅಂತ. ಊರಿಗೆ ಹೋಗೋದಿದ್ರ ಹಳೇ ನೀರಿನ ಬಾಟ್ಲಿ ಮುಚ್ಚಳಕ್ಕ ತೂತು ಮಾಡಿ, ಅರಬಿ ಬತ್ತಿ ತುರುಕಿ, ಬುಡದಾಗ ಬೋರಲು ಹುಗದು ಹೋಗ್ತಾರ, ಹನಿ ಹನಿ ಇಳೀತೈತಿ. ಈಗ ಆಯಿ ಉಳಿಸಿದ ಆ ನಾಕು ಹೊಂಗಿ ಗಿಡಾ ನನ್ನ ತಲಿ ದಾಟ್ಯಾವ, ಚೈತ್ರದಾಗ ಹೊಸಾ ಎಲಿ ಬಂದಾಗ ಎಣ್ಣಿ ಹಚ್ಚಿದಂಗ ಮಿಂಚತಾವ, ಪೋಸ್ಟಿನವರು ಗಾಡಿ ಅಲ್ಲೇ ನಿಂದರಸತಾರ.

ಅದಕ್ಕ ನನ್ನ ಲೆಕ್ಕ ಕೇಳ್ರಿ. ತಗ್ಗು ಈಗ ಮೇದಾಗ ತಗದು ಬಿಡೋಣು, ಒಂದೂವರಿ ಫೂಟು, ಬಿಸಲಿಗೆ ಬಾಯಿ ತಕ್ಕೊಂಡು ಇರಲಿ. ಜೂನ್ 5ಕ್ಕೇ ಹಚ್ಚಬೇಕಂತ ಹಟಾ ಬ್ಯಾಡ, ಮಿರಗಾ ಮಳಿ ಎರಡು ಸಲಾ ಚಲೋ ಆಗಿ ನೆಲಾ ನೆನೀಲಿ, ಬೇಕಂದ್ರ ಜುಲೈದಾಗ ವನಮಹೋತ್ಸವ ಐತಿ, 1950ರಿಂದ ದೇಶಾನೇ ಆ ಮಳಿ ನೋಡಿ ಹಚ್ಚಾಕತ್ತೈತಿ. ಒಂದು ಮನಿಗೆ ಎರಡೇ ಗಿಡಾ, ಆ ಗಿಡಕ್ಕ ಆ ಮನಿಯವರ ಹೆಸರು. ಪಾಕೀಟು ಬ್ಲೇಡಿನಿಂದ ಕೊಯ್ದು ತಗದಿದ್ದು ಹಿರೇರೊಬ್ಬರು ನಿಂತು ನೋಡಬೇಕು, ಖಾಲಿ ಪಾಕೀಟು ಎಣಿಸಿ ಇಟಗೊಳ್ರಿ, ಹಚ್ಚಿದ ಗಿಡಕ್ಕ ಸರಿ ಹೋಗಬೇಕು. ಜಾಗಾ ಸರಕಾರದ್ದಿದ್ರ ಮೊದಲ ಕೇಳಿ ಹಚ್ಚರಿ. ಆಮ್ಯಾಲೆ ಬಸವ ಜಯಂತಿ ಆಜೂಬಾಜೂ ಗದಗಿನವರು ಹಾವೇರಿಗೆ, ಹಾವೇರಿಯವರು ಹುಬ್ಬಳ್ಳಿಗೆ, ಹುಬ್ಬಳ್ಳಿಯವರು ನಮ್ಮಲ್ಲಿಗೆ, ನಾವು ಗದಗಕ್ಕ, ಹೇಳದ ಬರೋದು, ಎಣಿಸೋದು, ಒಂದು ಹಾಳಿ ತುಂಬ ಬರದು ಕೊಡೋದು, ಉಂಡು ಹೋಗೋದು. ಗೆದ್ದ ಓಣಿಗೆ ಪೇಡೆ ಹೆಂಗೂ ಐತಿ, ಅದರ ಕೂಡ ಹಾವೇರಿ ಏಲಕ್ಕಿ ಹಾರ ಹಾಕೋಣು, ಓಣ್ಯಾಗ ಹೆಚ್ಚು ನೀರು ಹಾಕಿದವರ ಕೊಳ್ಳಿಗೆ. ಹಾವೇರಿ ಕಾಕಾ, ಹಾರದ್ದು ನಿಮ್ಮ ಮ್ಯಾಲೆ ನೋಡ್ರಿ.

ಅರಣ್ಯ ಇಲಾಖೆ ನರ್ಸರ್‍ಯಾಗ ಮಳಿಗಾಲಕ್ಕ ಕಡಿಮಿ ರೇಟಿಗೆ ಅಗಿ ಕೊಡ್ತಾರ, ನಾ ಸೋಮವಾರ ಹೋಗಿ ಕೇಳಿ ಬರ್ತೀನಿ, ನಿಮ್ಮ ನಿಮ್ಮ ಓಣ್ಯಾಗ ಎಷ್ಟು ಮನಿ ಹೂಂ ಅಂದ್ವು ಅಂತ ಭಾನುವಾರದೊಳಗ ಇಲ್ಲೇ ಹಾಕ್ರಿ. ಮೂಲಿ ಮನಿ ಆಯಿಗೆ ಈಗ ಹೋಗಿ ಹೇಳ್ತೀನಿ, ಆ ಬಾಟ್ಲಿ ಬತ್ತಿ ಮಾಡೋದು ವಿಡಿಯೋ ಮಾಡಿ ಕಳಸತೀನಿ.