ಸಹಾಯ ಬೇಕು: ತಿರುಚಿದ ಗಾಜಿನ ಕಡ್ಡಿ ನಡುವೆ ಸಪೂರವಾಗುತ್ತಿದೆ

ಗ್ಯಾಸ್ ಟಾರ್ಚ್‌ನಲ್ಲಿ ಅಲಂಕಾರದ ತಿರುಚು ಕಡ್ಡಿ ಮಾಡಿ ಅನುಭವವಿರುವವರು ದಯವಿಟ್ಟು ದಾರಿ ತೋರಿಸಿ. 6 ಮಿ.ಮೀ. ದಪ್ಪದ ಪಾರದರ್ಶಕ ಕಡ್ಡಿಯ ತುದಿಯನ್ನು ಕರಗಿಸಿ ಉಂಡೆ ಮಾಡಿ, ಅದರ ಮೈಮೇಲೆ ಉದ್ದುದ್ದಕ್ಕೆ ಬಿಳಿ, ನೀಲಿ ಗೆರೆಗಳನ್ನು ಎಳೆಯುತ್ತೇನೆ. ಎಲ್ಲವೂ ವಿಸ್ತರಣಾಂಕ (ಕಾದಾಗ ಗಾಜು ಎಷ್ಟು ಹಿಗ್ಗುತ್ತದೆ ಎಂಬುದರ ಅಳತೆ) 104ರ ಮೆದು ಗಾಜು. ಕಡಿಮೆ ಹಿಗ್ಗುವ ಗಡಸು ಗಾಜಾದ ಬೋರೋಸಿಲಿಕೇಟ್ ಬೆರೆಸಿಲ್ಲ, ತಣಿದ ಮೇಲೆ ಬಿರುಕೂ ಬಿಡುವುದಿಲ್ಲ. ಉಂಡೆಯ ಇನ್ನೊಂದು ಬದಿಗೆ ಹಿಡಿಕೆಯಾಗಿ ಬೇರೆ ಕಡ್ಡಿ ಅಂಟಿಸಿ, ಚೆನ್ನಾಗಿ ಕಾಯಿಸಿ, ಎರಡು ಕೈಗಳನ್ನು ವಿರುದ್ಧ ದಿಕ್ಕಿಗೆ ತಿರುಗಿಸುತ್ತಾ ಎಳೆಯುತ್ತೇನೆ.

ತೊಂದರೆ ಶುರುವಾಗುವುದು ಆಗಲೇ. ನಡುವೆ ಗೆರೆಗಳು ಒತ್ತೊತ್ತಾಗಿ ಸುತ್ತಿಕೊಂಡು ಕಡ್ಡಿ ನೂಲಿನಷ್ಟು ಸಪೂರವಾಗುತ್ತದೆ. ಎರಡು ತುದಿಗಳಲ್ಲಿ ಗೆರೆಗಳು ನೆಟ್ಟಗೆ, ತಮಗೆ ಸಂಬಂಧವೇ ಇಲ್ಲವೆಂಬಂತೆ ಉಳಿಯುತ್ತವೆ. ಜ್ವಾಲೆಯ ಒಳಗೇ ತಿರುಚಿ ನೋಡಿದೆ: ಉರಿ ತಾಗಿದಷ್ಟು ಜಾಗ ಮಾತ್ರ ಸುತ್ತುತ್ತದೆ. ಹೊರಗೆ ತೆಗೆದು ಹೊಳಪು ತುಸು ಇಳಿಯಲಿ ಎಂದು ತಡೆದರೆ ಗಾಜು ಬಿಗಿದುಕೊಳ್ಳುತ್ತದೆ. ಬಲ ಹಾಕಿದರೆ ಹಿಡಿಕೆಯೇ ಕಳಚಿ ಕೈಗೆ ಬರುತ್ತದೆ. ಜೊತೆಗೆ ಬಿಳಿ ಗಾಜು ಉಳಿದವುಗಳಿಗಿಂತ ಬೇಗ ಮೆತ್ತಗಾಗಿ ಜಾರುತ್ತದೆ, ಅದರ ಹಟವೇ ಬೇರೆ.

ನನಗೆ ಬೇಕಾದ ಉತ್ತರ ಇಷ್ಟು: ಮೊದಲು ತಿರುಚಿ ಆಮೇಲೆ ಎಳೆಯಬೇಕೇ, ಎರಡನ್ನೂ ಒಟ್ಟಿಗೆ ಮಾಡಬೇಕೇ? ಜ್ವಾಲೆಯಿಂದ ತೆಗೆದ ಮೇಲೆ ಗಾಜಿನ ಬಣ್ಣ ಹೇಗಿದ್ದಾಗ ಕೈ ಆಡಿಸಲು ಶುರು ಮಾಡುತ್ತೀರಿ?