ಪದಚರ್ಚೆ: ‘ರಿಸ್ಕ್ ರಿಜಿಸ್ಟರ್’ ಅನ್ನು ತಾಲ್ಲೂಕು ಕಚೇರಿಯ ಕನ್ನಡದಲ್ಲಿ ಬರೆಯುವುದು ಹೇಗೆ?

ಬಳಗದ ಎಲ್ಲರಿಗೂ ನಮಸ್ಕಾರ.

ತಾಲ್ಲೂಕು ಹಂತದ ಸರ್ಕಾರಿ ಸಿಬ್ಬಂದಿಗಾಗಿ ಒಂದು ತರಬೇತಿ ಕೈಪಿಡಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅದರಲ್ಲಿ ಎರಡು ಭಾಗ. ಕಚೇರಿಯ ಕೆಲಸದ ರೀತಿಯೇ ಬದಲಾಗುವಾಗ ಸಿಬ್ಬಂದಿಯನ್ನು ಜೊತೆಗೆ ಕರೆದೊಯ್ಯುವುದು ಹೇಗೆ ಎಂಬುದು ಮೊದಲನೆಯದು. ಹೊಸ ಯೋಜನೆಯೊಂದರಲ್ಲಿ ಎಲ್ಲೆಲ್ಲಿ ಎಡವಟ್ಟಾದೀತೆಂದು ಮೊದಲೇ ಎಣಿಸಿ ಸಿದ್ಧವಾಗುವುದು ಹೇಗೆ ಎಂಬುದು ಎರಡನೆಯದು. ಹೀಗೆ ಎಣಿಸಿದ್ದನ್ನು ಬರೆದಿಡುವ ವಹಿಯೇ ‘ರಿಸ್ಕ್ ರಿಜಿಸ್ಟರ್’. ಎರಡಕ್ಕೂ ಉದಾಹರಣೆಯಾಗಿ, ಜಮೀನಿನ ದಾಖಲೆಗಳನ್ನು ಕಂಪ್ಯೂಟರಿಗೆ ತಂದ ನಮ್ಮ ಕಂದಾಯ ಇಲಾಖೆಯ ‘ಭೂಮಿ’ ಯೋಜನೆಯನ್ನೇ ಆರಿಸಿಕೊಂಡಿದ್ದೇನೆ. ಬರವಣಿಗೆ ‘ರಿಸ್ಕ್’ ಎಂಬ ಪದದ ಬಳಿ ಬಂದು ನಿಂತಿದೆ. ನನಗೊಂದು ದಾರಿ ಕಂಡಿದೆ. ಅದು ಸರಿಯೇ ಎಂದು ಕೇಳಲು ಈ ಪತ್ರ.

ನಿಘಂಟುಗಳು, ಪಠ್ಯಪುಸ್ತಕಗಳು, ಬ್ಯಾಂಕಿನ ಅರ್ಜಿಗಳು ರಿಸ್ಕ್‌ಗೆ ಸಾಮಾನ್ಯವಾಗಿ ‘ಅಪಾಯ’ ಎನ್ನುತ್ತವೆ. ಮ್ಯೂಚುವಲ್ ಫಂಡ್ ಜಾಹೀರಾತಿನ ಕೊನೆಯಲ್ಲಿ ಉಸಿರು ಬಿಡದೆ ಓದುವ ಎಚ್ಚರಿಕೆಯಲ್ಲೂ ಮಾರುಕಟ್ಟೆಯ ಅಪಾಯವೇ ಇರುವುದು. ಆದರೆ ಕಚೇರಿಯ ವಹಿಯೊಂದಕ್ಕೆ ‘ಅಪಾಯಗಳ ಪಟ್ಟಿ’ ಎಂದು ಹೆಸರಿಟ್ಟರೆ ಅದರಲ್ಲಿ ಯಾರು ಬರೆಯುತ್ತಾರೆ? ಅಪಾಯ ಎಂದ ಕೂಡಲೇ ಟ್ರಾನ್ಸ್‌ಫಾರ್ಮರಿನ ಮೇಲಿನ ಕೆಂಪು ಫಲಕ ಕಣ್ಣ ಮುಂದೆ ಬರುತ್ತದೆ. ‘ನನ್ನ ವಿಭಾಗದಲ್ಲಿ ಅಪಾಯವಿದೆ’ ಎಂದು ಒಬ್ಬ ಶಿರಸ್ತೇದಾರರು ಬರೆದು ಸಹಿ ಹಾಕಿದರೆ, ಅದು ಮುನ್ನೋಟವಾಗಿ ಉಳಿಯುವುದಿಲ್ಲ, ತಪ್ಪೊಪ್ಪಿಗೆಯಂತೆ ಕಾಣುತ್ತದೆ. ಮೇಲಧಿಕಾರಿ ಕೇಳುವ ಮೊದಲ ಪ್ರಶ್ನೆ ‘ಇಷ್ಟು ದಿನ ಏನು ಮಾಡುತ್ತಿದ್ದಿರಿ?’ ಎಂಬುದೇ ಆಗಿರುತ್ತದೆ. ಇನ್ನು ‘ಅಪಾಯ ನಿರ್ವಹಣೆ’ ಎಂದರೆ ನೆರೆ, ಬರ, ಬೆಂಕಿಯ ಕಡೆಗೆ ಮನಸ್ಸು ಹೋಗುತ್ತದೆ; ಅದಕ್ಕಾಗಿ ‘ವಿಪತ್ತು ನಿರ್ವಹಣೆ’ ಎಂಬ ಮಾತು ಕಚೇರಿಗಳಲ್ಲಿ ಆಗಲೇ ನೆಲೆಯೂರಿದೆ. ‘ಗಂಡಾಂತರ’ಕ್ಕೆ ಜಾತಕದ ವಾಸನೆ. ಹಿಂದಿ, ಮರಾಠಿಗಳ ‘ಜೋಖಿಮ್’ ಕನ್ನಡದ ಕಿವಿಗೆ ಜೋಕೆ, ಜೋಪಾನಗಳ ನೆರೆಯದೆಂಬಂತೆ ಕೇಳಿಸುತ್ತದೆ, ಅದು ಒಳ್ಳೆಯದೇ. ಆದರೆ ಮೈಸೂರು ಸೀಮೆಯ ಓದುಗರಿಗೆ ಅದು ಪರಕೀಯ.

‘ಅಪಾಯ’ದ ಪರವಾಗಿಯೂ ಒಂದು ಗಟ್ಟಿಯಾದ ಮಾತಿದೆ. ನಮ್ಮಲ್ಲಿ ಅದು ಉಪಾಯದ ಜೋಡಿಪದ. ‘ಉಪಾಯ ಬಲ್ಲವನಿಗೆ ಅಪಾಯವಿಲ್ಲ’ ಎನ್ನುತ್ತೇವೆ. ಉಪಾಯ ಹೂಡುವವನು ಅದರಿಂದ ಒದಗುವ ಅಪಾಯವನ್ನೂ ಚಿಂತಿಸಬೇಕೆಂಬ ನೀತಿಮಾತು ಸಂಸ್ಕೃತದ ಕಾಲದಿಂದಲೂ ಇದೆ. ಆ ಬಳಕೆಯಲ್ಲಿ ಅಪಾಯವೆಂದರೆ ಇನ್ನೂ ಘಟಿಸದ, ಎಣಿಸಬೇಕಾದ ಸಂಗತಿ. ಈ ಹಳೆಯ ಅರ್ಥ ಇಂದಿನ ಕಚೇರಿಯಲ್ಲಿ ಬದುಕಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ.

ಈಗ ‘ಭೂಮಿ’ಯ ಕಡೆಗೆ ಬರುತ್ತೇನೆ, ಏಕೆಂದರೆ ಪದಗಳನ್ನು ಒರೆಗೆ ಹಚ್ಚಲು ಅದಕ್ಕಿಂತ ಒಳ್ಳೆಯ ಕಲ್ಲಿಲ್ಲ. ಶ್ಯಾನುಭೋಗಿಕೆ ರದ್ದಾದ ಮೇಲೆ ಊರಿನ ಪಹಣಿ, ಎಂದರೆ ಜಮೀನು ಯಾರದು, ಎಷ್ಟು, ಅಲ್ಲಿನ ಬೆಳೆಯೇನು ಎಂಬ ದಾಖಲೆ, ಇದ್ದದ್ದು ಗ್ರಾಮ ಲೆಕ್ಕಿಗರ ಕೈಯಲ್ಲಿ. ರಾಜ್ಯದಲ್ಲಿ ಸುಮಾರು 9,000 ಗ್ರಾಮ ಲೆಕ್ಕಿಗರು. ಒಬ್ಬೊಬ್ಬರ ಸುಪರ್ದಿಗೆ ಮೂರು ನಾಲ್ಕು ಹಳ್ಳಿ. ಬೆಳೆಸಾಲಕ್ಕೆ ಪಹಣಿ ಬೇಕಾದ ರೈತ ಅವರನ್ನು ಹುಡುಕಿಕೊಂಡು ಅಲೆಯಬೇಕಿತ್ತು, ಸಿಕ್ಕ ಮೇಲೆ ‘ಮಾಮೂಲು’ ಕೊಡಬೇಕಿತ್ತು. ಮಂಡ್ಯ ಜಿಲ್ಲೆಯ ಮದ್ದೂರಿನಲ್ಲಿ ಪ್ರಯೋಗ ನಡೆಸಿ, 2002ರ ಹೊತ್ತಿಗೆ 177 ತಾಲ್ಲೂಕುಗಳ ಸುಮಾರು 2 ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ಸೇರಿಸಲಾಯಿತು. ಅವು ಸುಮಾರು 67 ಲಕ್ಷ ರೈತರ ದಾಖಲೆಗಳು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಯೋಜನೆಯನ್ನು ಮುನ್ನಡೆಸಿದ ರಾಜೀವ್ ಚಾವ್ಲಾ ಅವರು ಹಲವು ವರ್ಷ ಅದರ ಜೊತೆಗೇ ಉಳಿದರು. ಯೋಜನೆ ಅರ್ಧದಾರಿಯಲ್ಲಿರುವಾಗ ಅಧಿಕಾರಿಯೇ ಎತ್ತಂಗಡಿಯಾಗುವ ನಮ್ಮ ಆಡಳಿತದಲ್ಲಿ ಇದು ಸಣ್ಣ ಸಂಗತಿಯಲ್ಲ.

ಈ ಉದಾಹರಣೆಯನ್ನು ಬರೆಯಲು ಕುಳಿತಾಗ ಎದುರಾದ ಮೊದಲ ತೊಡಕು ‘ಬದಲಾವಣೆ’ಯದು. ‘ಬದಲಾವಣೆ ನಿರ್ವಹಣೆ’ ಎಂದು ಪಾಠದ ಹೆಸರು ಬರೆದರೆ ಕಂದಾಯ ಇಲಾಖೆಯವರಿಗೆ ನೆನಪಾಗುವುದು ಖಾತೆ ಬದಲಾವಣೆ, ಹಕ್ಕು ಬದಲಾವಣೆ; ಎಂದರೆ ಮ್ಯುಟೇಶನ್. ಅಲ್ಲಿ ಬದಲಾವಣೆ ಎಂಬುದು ನೋಟಿಸು, ಆಕ್ಷೇಪಣೆ, ಆದೇಶಗಳಿರುವ ಕಾನೂನಿನ ಪ್ರಕ್ರಿಯೆ. ‘ಪರಿವರ್ತನೆ’ ಎನ್ನೋಣವೆಂದರೆ ಅದು ಕೃಷಿ ಜಮೀನನ್ನು ಕೃಷಿಯೇತರ ಮಾಡುವ ಭೂ ಪರಿವರ್ತನೆ. ಎರಡು ಪದಗಳನ್ನೂ ಇಲಾಖೆ ಮೊದಲೇ ಕೈವಶ ಮಾಡಿಕೊಂಡಿದೆ! ಹಾಗಾಗಿ ನಾನು ನಾಮಪದವನ್ನು ಬಿಟ್ಟು ‘ಕೆಲಸದ ರೀತಿ ಬದಲಾಗುವಾಗ’ ಎಂದು ಬರೆದಿದ್ದೇನೆ. ಉದ್ದವಾಯಿತು, ನಿಜ. ಆದರೆ ಓದಿದವರು ತಪ್ಪು ತಿಳಿಯುವುದಿಲ್ಲ. ಬದಲಾವಣೆ ಹೇಗೆ ನಡೆಯುತ್ತದೆಂದು ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ಅವರು ಹೇಳಿದ ಪ್ರಸಿದ್ಧ ಮೂರು ಹಂತಗಳಿಗೂ ಹೀಗೆಯೇ ಕ್ರಿಯಾಪದ ಇಟ್ಟಿದ್ದೇನೆ: ಸಡಿಲಿಸು, ಬದಲಿಸು, ನೆಲೆಗೊಳಿಸು. ಮೂಲದ ಹೆಪ್ಪುಗಟ್ಟಿಸುವ, ಕರಗಿಸುವ ರೂಪಕವನ್ನು ತರಲು ಹೋಗಲಿಲ್ಲ. ಹೆಪ್ಪು ಎಂದರೆ ನಮಗೆ ಮೊಸರು.

ಈ ಕ್ರಿಯಾಪದದ ದಾರಿಯೇ ರಿಸ್ಕ್‌ಗೂ ಒದಗಿತು. ಪತ್ರದ ಮುಖ್ಯ ಮಾತು ಇದು.

ಯೋಜನಾ ನಿರ್ವಹಣೆಯ ಪಾಠದಲ್ಲಿ ರಿಸ್ಕ್ ಎಂದರೆ ಇನ್ನೂ ಆಗಿಲ್ಲದ, ಆಗಬಹುದಾದ, ಆದರೆ ಗುರಿಯನ್ನು ತಟ್ಟುವ ಘಟನೆ. ಆಗಿಹೋದದ್ದು ರಿಸ್ಕ್ ಅಲ್ಲ, ಸಮಸ್ಯೆ. ಇವೆರಡನ್ನು ಬೇರೆ ಬೇರೆ ವಹಿಗಳಲ್ಲಿ ಬರೆಯುತ್ತಾರೆ, ಏಕೆಂದರೆ ಮೊದಲನೆಯದಕ್ಕೆ ಸಿದ್ಧತೆ ಬೇಕು, ಎರಡನೆಯದಕ್ಕೆ ಪರಿಹಾರ. ಈ ವ್ಯತ್ಯಾಸವನ್ನು ಹೇಳಲು ನಾವು ನಾಮಪದಗಳನ್ನು ಹುಡುಕುತ್ತಾ ಕುಳಿತಿದ್ದೇವೆ. ಕನ್ನಡವಾದರೋ ಅದನ್ನು ಕ್ರಿಯಾಪದದ ಪ್ರತ್ಯಯದಲ್ಲೇ ಇಟ್ಟುಕೊಂಡಿದೆ. ಶಾಲೆಯ ವ್ಯಾಕರಣದಲ್ಲಿ ಓದಿದ, ಆಗಬಹುದಾದದ್ದನ್ನು ಹೇಳುವ ಸಂಭಾವನಾರ್ಥಕ ರೂಪ ನೆನಪಿರಬೇಕು: ಬಂದಾನು, ಬಂದಾಳು, ಬಂದಾರು, ಬಂದೀತು. ಜಾರುವ ಮೆಟ್ಟಿಲ ಮೇಲೆ ಓಡುವ ಮಗುವಿಗೆ ತಾಯಿ ‘ಬಿದ್ದೀಯೆ, ಜೋಕೆ’ ಎನ್ನುತ್ತಾಳಲ್ಲ, ಆ ಎರಡು ಪದಗಳಲ್ಲಿ ಆಗಬಹುದಾದದ್ದೂ ಇದೆ, ಅದಕ್ಕೆ ಮಾಡಬೇಕಾದದ್ದೂ ಇದೆ.

ಹಾಗಿದ್ದರೆ ‘-ಬಹುದು’ ಸಾಲದೇ ಎಂದು ಕೇಳಬಹುದು. ಸಾಲದು. ಆಡಳಿತ ಕನ್ನಡದಲ್ಲಿ ‘-ಬಹುದು’ ಎಂದರೆ ಅನುಮತಿ. ‘ತಹಶೀಲ್ದಾರರು ಆದೇಶಿಸಬಹುದು’ ಎಂದರೆ ಅವರಿಗೆ ಆ ಅಧಿಕಾರವಿದೆ ಎಂದರ್ಥ. ಈಗ ಈ ವಾಕ್ಯ ನೋಡಿ: ‘ಕಂಪ್ಯೂಟರ್ ಬಂದ ಮೇಲೂ ಗ್ರಾಮ ಲೆಕ್ಕಿಗರು ಕೈಬರಹದ ಪಹಣಿ ಕೊಡಬಹುದು.’ ಸುತ್ತೋಲೆಯಲ್ಲಿ ಇದನ್ನು ಓದಿದವರು ಕೊಡಲು ಅಡ್ಡಿಯಿಲ್ಲ ಎಂದುಕೊಳ್ಳುತ್ತಾರೆ. ‘ಕೈಬರಹದ ಪಹಣಿ ಕೊಟ್ಟಾರು’ ಎಂದು ಬರೆಯಿರಿ, ಅನುಮತಿಯ ನೆರಳೂ ಉಳಿಯುವುದಿಲ್ಲ. ‘ಭೂಮಿ’ಯ ಮುಂದಿದ್ದ ಬಹುದೊಡ್ಡ ರಿಸ್ಕ್ ನಿಜಕ್ಕೂ ಇದೇ ಆಗಿತ್ತು: ಒಂದೇ ಜಮೀನಿಗೆ ಎರಡು ಪಹಣಿ ಚಾಲ್ತಿಯಲ್ಲಿದ್ದರೆ ಹೊಸ ವ್ಯವಸ್ಥೆಯನ್ನು ಯಾರೂ ನಂಬುವುದಿಲ್ಲ. ಆದ್ದರಿಂದಲೇ ಒಂದೊಂದು ತಾಲ್ಲೂಕು ಕಂಪ್ಯೂಟರಿಗೆ ಹೊರಳಿದಂತೆ ಅಲ್ಲಿ ಕೈಬರಹದ ಪಹಣಿಗೆ ಮಾನ್ಯತೆಯಿಲ್ಲವೆಂದು ಸರ್ಕಾರ ಪ್ರಕಟಿಸಿತು. ಹಿಂದಿರುಗುವ ಸೇತುವೆಯನ್ನೇ ತೆಗೆದುಹಾಕುವ ಈ ನಿರ್ಧಾರಕ್ಕೆ ಧೈರ್ಯ ಬೇಕಿತ್ತು.

ಉಳಿದ ರಿಸ್ಕ್‌ಗಳನ್ನೂ ಇದೇ ರೂಪದಲ್ಲಿ ಬರೆದು ನೋಡಿದೆ. ‘ದಾಖಲೆ ಸೇರಿಸುವಾಗ ಹೆಸರು, ವಿಸ್ತೀರ್ಣ ತಪ್ಪಾಗಿ ಸೇರೀತು, ಅಚ್ಚಾದ ಪ್ರತಿಯನ್ನು ಗ್ರಾಮ ಲೆಕ್ಕಿಗರು ಮೂಲದೊಂದಿಗೆ ತಾಳೆ ನೋಡಿ ಸಹಿ ಮಾಡಲಿ.’ ‘ಒಬ್ಬರ ಪಾಸ್‌ವರ್ಡನ್ನು ಇನ್ನೊಬ್ಬರು ಬಳಸಿಯಾರು; ಬೆರಳಚ್ಚು ಕೊಟ್ಟೇ ಒಳಗೆ ಹೋಗುವಂತಾಗಲಿ.’ ‘ಖಾತೆ ಬದಲಾವಣೆಯ ಅರ್ಜಿಗಳ ಸರದಿ ತಪ್ಪಿಸಿಯಾರು, ಮೊದಲು ಬಂದದ್ದು ಮೊದಲು ಹೋಗುವಂತೆ ತಂತ್ರಾಂಶವೇ ತಡೆಯಲಿ.’ ಇವೆಲ್ಲ ‘ಭೂಮಿ’ಯಲ್ಲಿ ನಿಜವಾಗಿ ಕೈಗೊಂಡ ಕ್ರಮಗಳು, ವಾಕ್ಯಗಳು ನನ್ನವು. ಮೊದಲರ್ಧದಲ್ಲಿ ‘-ಈತು, -ಆರು’, ಎರಡನೆಯ ಅರ್ಧದಲ್ಲಿ ‘-ಅಲಿ’. ಸಂಭಾವನಾರ್ಥಕದ ಬೆನ್ನಿಗೆ, ಹೀಗಾಗಲಿ ಎಂದು ವಿಧಿಸುವ ವಿಧ್ಯರ್ಥಕ. ರಿಸ್ಕ್ ರಿಜಿಸ್ಟರಿನ ಮೊದಲೆರಡು ಅಂಕಣಗಳಿಗೆ ಇದಕ್ಕಿಂತ ಬೇರೆ ಪರಿಭಾಷೆ ಬೇಕೇ? ವಹಿಗೆ ‘ಮುನ್ನೆಚ್ಚರಿಕೆ ವಹಿ’ ಎಂಬ ಹೆಸರು ಯೋಚಿಸಿದ್ದೇನೆ. ಹಾಜರಿ ವಹಿಯಂತೆ ‘ವಹಿ’ ಕಚೇರಿಯಲ್ಲಿ ಪಳಗಿದ ಪದ. ‘ಮುನ್ನೆಚ್ಚರಿಕೆ’ ಎಂದಾಗ ಬರೆದವರು ತಪ್ಪಿತಸ್ಥರಾಗುವುದಿಲ್ಲ, ಜಾಗರೂಕರಾಗುತ್ತಾರೆ.

ಒಂದು ಆತಂಕವೂ ಇದೆ. ‘ಸೇರೀತು’ ಮತ್ತು ‘ಸೇರಿತು’, ‘ಕೊಟ್ಟಾರು’ ಮತ್ತು ‘ಕೊಟ್ಟರು’, ‘ನಿಂತೀತು’ ಮತ್ತು ‘ನಿಂತಿತು’. ಆಗಬಹುದಾದದ್ದಕ್ಕೂ ಆಗಿಹೋದದ್ದಕ್ಕೂ ನಡುವೆ ಇರುವುದು ಒಂದು ದೀರ್ಘ ಮಾತ್ರ. ಕೇಳಲು ಎಷ್ಟು ಸೊಗಸು! ಆದರೆ ಟೈಪ್ ಮಾಡುವವರು ಆ ದೀರ್ಘವನ್ನು ಬಿಟ್ಟರೆ, ಅಥವಾ ಕರಡು ತಿದ್ದುವವರು ತಪ್ಪೆಂದು ತಿಳಿದು ಸರಿಪಡಿಸಿದರೆ, ಮುನ್ನೆಚ್ಚರಿಕೆಯ ಸಾಲು ಆರೋಪದ ಸಾಲಾಗುತ್ತದೆ. ಲೆಕ್ಕಪರಿಶೋಧನೆಯವರ ಕೈಗೆ ಹೋಗುವ ಕಾಗದದಲ್ಲಿ ಇದು ಸಣ್ಣ ಮಾತಲ್ಲ. ‘ಒಂದು ವೇಳೆ’ ಎಂದು ಮೊದಲಿಗೆ ಸೇರಿಸಿದರೆ ಸಾಕಾದೀತೇ?

ಉಳಿದ ಪದಗಳನ್ನು ಬೇಗನೆ ಹೇಳಿಬಿಡುತ್ತೇನೆ. ರಿಸ್ಕ್‌ಗೆ ನಾಲ್ಕು ಬಗೆಯ ಉತ್ತರಗಳಲ್ಲಿ ತಪ್ಪಿಸು, ತಗ್ಗಿಸು, ಒಪ್ಪಿಕೊ ಎಂಬ ಮೂರು ಸರಾಗವಾಗಿ ಬಂದವು. ನಾಲ್ಕನೆಯದಕ್ಕೆ ‘ವರ್ಗಾವಣೆ’ ಎಂದರೆ ಸಿಬ್ಬಂದಿ ಬೆಚ್ಚುತ್ತಾರೆ, ‘ದಾಟಿಸು’ ಇಟ್ಟಿದ್ದೇನೆ. ಈ ಪದದಲ್ಲಿ ಒಂದು ನೈತಿಕ ಪ್ರಶ್ನೆಯೂ ಕಾಣಿಸುತ್ತದೆ, ಅದು ನನಗೆ ಇಷ್ಟವೇ: ಯಾರಿಗೆ ದಾಟಿಸಿದಿರಿ? ಪಹಣಿ ತಾಲ್ಲೂಕು ಕೇಂದ್ರಕ್ಕೆ ಹೋದಾಗ ಬಸ್ಸಿನ ಖರ್ಚು, ಒಂದು ದಿನದ ಕೂಲಿ ರೈತನ ತಲೆಗೆ ದಾಟಿತು. ಮುಂದೆ ನಾಡಕಚೇರಿಗಳಲ್ಲಿ, ಆಮೇಲೆ ಅಂತರ್ಜಾಲದಲ್ಲಿ ಪಹಣಿ ಸಿಗುವಂತಾಗಿ ಆ ಭಾರ ಇಳಿಯಿತು. ದಾಖಲೆಯ ಮೇಲಿನ ಹಿಡಿತ ಹಳ್ಳಿಯಿಂದ ಮೇಲಕ್ಕೆ ಹೋದಾಗ ಲಂಚವೂ ಮೇಲಕ್ಕೆ ಹೋಯಿತು, ದೊಡ್ಡ ಖರೀದಿದಾರರಿಗೆ ಅನುಕೂಲವಾಯಿತು ಎಂಬ ವಿದ್ವಾಂಸರ ಟೀಕೆಯನ್ನೂ ಕೈಪಿಡಿಯಲ್ಲಿ ಸೇರಿಸಿದ್ದೇನೆ.

ಹೊಸದಕ್ಕೆ ಸಿಬ್ಬಂದಿ ಒಗ್ಗದಿರುವುದಕ್ಕೆ ‘ವಿರೋಧ’ ಎಂಬ ಪದ ಸರಿಹೋಗದು. ವಿರೋಧಕ್ಕೆ ಬಾಯಿದೆ, ಧರಣಿಯಿದೆ, ಮನವಿಪತ್ರವಿದೆ. ಕಚೇರಿಯಲ್ಲಿ ನಡೆಯುವುದು ಬೇರೆ: ಕಡತ ಕದಲುವುದಿಲ್ಲ, ಸಬೂಬು ಬರುತ್ತದೆ, ಮೀನಮೇಷ ನಡೆಯುತ್ತದೆ. ಗ್ರಾಮ ಲೆಕ್ಕಿಗರ ಅಂಜಿಕೆಯಲ್ಲಿ ಮಾಮೂಲು ತಪ್ಪೀತೆಂಬುದು ಇತ್ತು, ಒಪ್ಪುತ್ತೇನೆ. ಊರಿನಲ್ಲಿದ್ದ ಮರ್ಯಾದೆ ಹೋದೀತೆಂಬುದೂ, ಈ ವಯಸ್ಸಿನಲ್ಲಿ ಯಂತ್ರದ ಮುಂದೆ ನಗೆಪಾಟಲಾದೇನೆಂಬುದೂ ಇದ್ದವು. ಇವರ ಮನಸ್ಸನ್ನು ಅರಿಯದೆ ಯಾರೂ ಇವರನ್ನು ಮುನ್ನಡೆಸಲಾರರು. ಸದ್ಯಕ್ಕೆ ‘ಹಿಂಜರಿಕೆ’ ಎಂದಿದ್ದೇನೆ, ಅದು ಸ್ವಲ್ಪ ಮೆದುವಾಯಿತೇನೋ. ರಿಸ್ಕಿನ ಮೇಲೆ ಕಣ್ಣಿಡುವ ವ್ಯಕ್ತಿಗೆ ‘ಹೊಣೆಗಾರ’ ಬೇಡ, ಅದು ದೂರುವ ಪದ, ‘ಉಸ್ತುವಾರಿ’ ಸಾಕು. ಸ್ಟೇಕ್‌ಹೋಲ್ಡರ್‌ಗೆ ‘ಪಾಲುದಾರ’ ಎಂದರೆ ಜಮೀನಿನಲ್ಲಿ ಪಾಲು ಕೇಳಿದಂತಾಗುತ್ತದೆ. ‘ಸಂಬಂಧಪಟ್ಟವರು’ ಎಂದು ಮುಗಿಸಿದ್ದೇನೆ.

ಬಳಗದಲ್ಲಿ ಕಂದಾಯ, ಪಂಚಾಯತಿ, ಸಹಕಾರಿ ಬ್ಯಾಂಕುಗಳಲ್ಲಿ ಕೆಲಸ ಮಾಡಿದವರಿದ್ದೀರಿ. ‘ಕೊಟ್ಟಾರು, ಸೇರೀತು’ ರೂಪಗಳನ್ನು ಕಚೇರಿಯ ಟಿಪ್ಪಣಿಗಳಲ್ಲಿ ಎಂದಾದರೂ ಕಂಡಿದ್ದೀರಾ? ನಿಮ್ಮ ಸೀಮೆಯ ಮಾತಿನಲ್ಲಿ ಈ ರೂಪ ಇನ್ನೂ ಬಳಕೆಯಲ್ಲಿದೆಯೇ, ಅಥವಾ ಕಿರಿಯ ಸಿಬ್ಬಂದಿಗೆ ಗ್ರಾಂಥಿಕವೆನ್ನಿಸುತ್ತದೆಯೇ? ಕಲಬುರಗಿ, ಬೀದರ್ ಕಡೆಯವರು ‘ಜೋಖಿಮ್’ ಬಳಸುವುದಾದರೆ ಯಾವ ಅರ್ಥದಲ್ಲಿ ಎಂಬುದನ್ನು ಒಂದು ವಾಕ್ಯದೊಂದಿಗೆ ತಿಳಿಸಿ. ದೀರ್ಘದ ಸಮಸ್ಯೆಗೆ ‘ಒಂದು ವೇಳೆ’ಗಿಂತ ಉತ್ತಮ ಪರಿಹಾರ ತೋಚಿದರೆ ಅದನ್ನು ಮೊದಲು ಬರೆಯಿರಿ, ವಹಿಯ ನಮೂನೆ ಅಚ್ಚಿಗೆ ಹೋಗುವ ಮುನ್ನ ತಿದ್ದಿಕೊಳ್ಳುತ್ತೇನೆ.