ಕ್ರಿಸ್‌ಮಸ್ ಊಟಕ್ಕೆ ಇಂಗ್ಲಿಷರ ಮನೆಗೆ ಕರೆದಿದ್ದಾರೆ. ಏನೇನು ಗೊತ್ತಿರಬೇಕು?

ಡರ್ಬಿವಾಸಿ:
ಎಲ್ಲರಿಗೂ ನಮಸ್ಕಾರ. ಈ ವರ್ಷವಷ್ಟೇ ಇಂಗ್ಲೆಂಡಿನ ಡರ್ಬಿಗೆ ಬಂದಿದ್ದೇವೆ. ನಾನು, ಹೆಂಡತಿ, ಆರು ವರ್ಷದ ಮಗಳು. ಆಫೀಸಿನಲ್ಲಿ ನನ್ನ ಪಕ್ಕ ಕೂರುವವರು ಮೊನ್ನೆ ಇದ್ದಕ್ಕಿದ್ದ ಹಾಗೆ, "ಕ್ರಿಸ್‌ಮಸ್ ದಿನ ನೀವು ಮೂರೇ ಜನ ಸುಮ್ನೆ ಮನೇಲಿ ಕೂತಿರ್ತೀರಾ? ನಮ್ಮಮ್ಮನ ಮನೆಗೆ ಊಟಕ್ಕೆ ಬನ್ನಿ" ಅಂದರು. ಅವರ ತಂದೆ ತಾಯಿ ಇರುವುದು ಮ್ಯಾಟ್‌ಲಾಕ್‌ನಲ್ಲಿ. ಬಾಯಿಮಾತಿಗೆ ಕರೆದಿರಬೇಕು ಅಂದುಕೊಂಡೆ. ಮಾರನೆಯ ದಿನ ಅವರ ತಾಯಿಯೇ ಮೆಸೇಜ್ ಮಾಡಿದ್ದಾರೆ: ಒಂದು ಗಂಟೆಗೆ ಬನ್ನಿ, ಎರಡಕ್ಕೆ ಊಟ, ಏನೂ ತರಬೇಡಿ.

ಏನೂ ತರಬೇಡಿ ಅಂದರೆ ನಿಜವಾಗಿಯೂ ತರಬಾರದಾ? ನನ್ನ ಹೆಂಡತಿ ಮೊಟ್ಟೆಯನ್ನೂ ತಿನ್ನುವುದಿಲ್ಲ. ಅವಳಿಗೆ ಅಂತ ಒಂದು ಪಲ್ಯ ಮಾಡಿಕೊಂಡು ಹೋದರೆ ತಪ್ಪು ತಿಳಿಯುತ್ತಾರಾ? ಊಟ ಮುಗಿದ ಮೇಲೆ ಎಷ್ಟು ಹೊತ್ತು ಕೂರಬೇಕು? ನಮ್ಮ ಹತ್ತಿರ ಕಾರಿಲ್ಲ, ಡರ್ಬಿಯಿಂದ ನೇರ ರೈಲಿದೆಯಲ್ಲ, ಅದರಲ್ಲೇ ಹೋಗೋಣ ಅಂತಿದ್ದೇವೆ.

ಶೆಫೀಲ್ಡ್‌ಅಕ್ಕ:
ಮೊದಲು ಆ ರೈಲನ್ನು ಮರೆತುಬಿಡಿ. ಡಿಸೆಂಬರ್ 25ಕ್ಕೆ ಇಲ್ಲಿ ರೈಲು ಓಡುವುದಿಲ್ಲ. ಲಂಡನ್ನಿನ ಟ್ಯೂಬ್, ಅಂದರೆ ಅಲ್ಲಿನ ಮೆಟ್ರೋ ಕೂಡ ಬಂದ್. ಬಸ್ಸು ಸಿಗುವುದು ಅಪರೂಪ. ಟ್ಯಾಕ್ಸಿಯವರು ಅವತ್ತು ಜಾಸ್ತಿ ಕೇಳುತ್ತಾರೆ. ಅದಕ್ಕಿಂತ ಕರೆದವರನ್ನೇ "ನಮ್ಮ ಹತ್ತಿರ ಕಾರಿಲ್ಲ, ಹೇಗೆ ಬರೋದು?" ಅಂತ ಕೇಳಿ. ಅದೂ ಈಗಲೇ ಕೇಳಿ. ಅವತ್ತು ಮಧ್ಯಾಹ್ನದಿಂದಲೇ ವೈನ್ ಶುರುವಾಗುತ್ತದೆ. ನಿಮ್ಮನ್ನು ವಾಪಸ್ ಬಿಡಬೇಕು ಅಂದರೆ ಯಾರಾದರೂ ಒಬ್ಬರು ಕುಡಿಯದೆ ಇರಬೇಕು, ಅದು ಅವರಿಗೆ ಮೊದಲೇ ಗೊತ್ತಿರಬೇಕು.

ಈಗ ಊಟ. ನಾನು ಇಂಗ್ಲಿಷರ ಮನೆಗೇ ಸೊಸೆಯಾಗಿ ಬಂದವಳು. ಅತ್ತೆಮನೆ ಉತ್ತರ ಇಂಗ್ಲೆಂಡಿನ ಬಾರ್ನ್ಸ್‌ಲಿಯಲ್ಲಿ. ಅವತ್ತು ನಮ್ಮತ್ತೆಯ ಫ್ರಿಜ್ಜಿನ ಬಾಗಿಲ ಮೇಲೆ ಒಂದು ಚೀಟಿ ಅಂಟಿರುತ್ತದೆ. 9.30ಕ್ಕೆ ಟರ್ಕಿ ಕೋಳಿ ಓವನ್ನಿಗೆ. 12.45ಕ್ಕೆ ಆಲೂಗಡ್ಡೆ. 1.15ಕ್ಕೆ ಟರ್ಕಿ ಹೊರಗೆ, ಫಾಯಿಲ್ ಮುಚ್ಚಿ ಇಡುವುದು, ಓವನ್ನಿನ ಉರಿ ಏರಿಸುವುದು. ಆಮೇಲೆ ಪಾರ್ಸ್‌ನಿಪ್ (ಬಿಳಿ ಕ್ಯಾರೆಟ್ಟಿನಂಥ ಗಡ್ಡೆ), ಸ್ಟಫಿಂಗ್ (ಬ್ರೆಡ್ ಪುಡಿ, ಈರುಳ್ಳಿಯ ಮಿಶ್ರಣ), ಬೇಕನ್ ಸುತ್ತಿದ ಸಣ್ಣ ಸಾಸೇಜು. ಒಲೆಯ ಮೇಲೆ ಸ್ಪ್ರೌಟ್ಸ್ (ಮೊಳಕೆಕಾಳಲ್ಲ, ಪುಟಾಣಿ ಎಲೆಕೋಸು), ಕ್ಯಾರೆಟ್, ಗ್ರೇವಿ. ಎಲ್ಲವೂ ಒಟ್ಟಿಗೆ ಬಿಸಿಬಿಸಿಯಾಗಿ ಮೇಜಿಗೆ ಬರಬೇಕು, ಅದೇ ಇವರಿಗೆ ಮರ್ಯಾದೆಯ ಪ್ರಶ್ನೆ. ಅಂಥ ಹೊತ್ತಲ್ಲಿ ನೀವು ಡಬ್ಬಿ ಹಿಡಿದು "ಇದನ್ನು ಸ್ವಲ್ಪ ಬಿಸಿ ಮಾಡ್ತೀರಾ?" ಅಂದರೆ "ಆಗಲಿ, ಅದಕ್ಕೇನಂತೆ" ಅಂತ ನಗುತ್ತಲೇ ತಗೊಳ್ಳುತ್ತಾರೆ. ಒಳಗೆ ಚೀಟಿಯೆಲ್ಲ ತಲೆಕೆಳಗು. ಹಾಗಾಗಿ ಪಲ್ಯ ಬೇಡ.

ಬದಲಿಗೆ ನಿಮ್ಮ ಹೆಂಡತಿ ಏನು ತಿನ್ನುವುದಿಲ್ಲ ಅಂತ ಇವತ್ತೇ ಬರೆದು ತಿಳಿಸಿ. ಬರೀ "ವೆಜಿಟೇರಿಯನ್" ಅಂದರೆ ಸಾಲದು, ಮೊಟ್ಟೆಯ ಮಾತು ಬೇರೆ ಹೇಳಬೇಕು. ಇಲ್ಲಿ ಸಸ್ಯಾಹಾರಿಗಳಿಗೆ ಗೋಡಂಬಿ, ಅಕ್ರೋಟಿನಂಥ ಬೀಜಗಳನ್ನು ಪುಡಿ ಮಾಡಿ ಬೇಯಿಸಿದ ನಟ್ ರೋಸ್ಟ್ ಮಾಡುತ್ತಾರೆ, ಅದು ಹಿಡಿದುಕೊಳ್ಳಲಿ ಅಂತ ಎಷ್ಟೋ ಸಲ ಮೊಟ್ಟೆ ಹಾಕಿರುತ್ತಾರೆ. ಯಾರ್ಕ್‌ಷೈರ್ ಪುಡಿಂಗ್ ಸಿಹಿಯಲ್ಲ, ಊಟದ ಜೊತೆ ಬರುವುದು; ಅದೂ ಹಾಲು, ಹಿಟ್ಟು, ಮೊಟ್ಟೆ. ಆಲೂಗಡ್ಡೆ ನೋಡಲು ಪಾಪದ್ದು, ಆದರೆ ಹುರಿದಿರುವುದು ಬಾತುಕೋಳಿಯ ಕೊಬ್ಬಿನಲ್ಲಿ ಇರಬಹುದು. ಗ್ರೇವಿ ಟರ್ಕಿಯ ರಸದ್ದು. ಕ್ರಿಸ್‌ಮಸ್ ಪುಡಿಂಗಿನಲ್ಲಿ ಮೊಟ್ಟೆಯ ಜೊತೆಗೆ ಸೂಯೆಟ್ ಇರುತ್ತದೆ, ಅದು ಹಸುವಿನ ಕೊಬ್ಬು. ಮಿನ್ಸ್ ಪೈ ಒಳಗೆ ಇರುವುದು ಒಣದ್ರಾಕ್ಷಿ, ಮಸಾಲೆ; ಆದರೆ ಅದರಲ್ಲೂ ಸೂಯೆಟ್ ಬರುತ್ತದೆ. ಈಗ ಸಸ್ಯಜನ್ಯ ಸೂಯೆಟ್ ಹಾಕಿದವು ಬೇಕಾದಷ್ಟು ಸಿಗುತ್ತವೆ, ಡಬ್ಬದ ಮೇಲೆ ಬರೆದಿರುತ್ತದೆ. ಮೊದಲೇ ಹೇಳಿದರೆ ಒಂದು ತಟ್ಟೆ ಆಲೂಗಡ್ಡೆಯನ್ನು ಎಣ್ಣೆಯಲ್ಲಿ ಬೇರೆ ಹುರಿಯುತ್ತಾರೆ, ಅವರಿಗೆ ಬೇಜಾರಿಲ್ಲ. ಹೇಳದೆ ತಟ್ಟೆಯಲ್ಲಿ ಬಿಟ್ಟರೆ ಮಾತ್ರ ಆ ತಾಯಿ ಸಂಜೆಯವರೆಗೂ ಒದ್ದಾಡುತ್ತಾರೆ.

ಕೈಯಲ್ಲಿ ಏನು ಹಿಡಿಯಬೇಕು? ಒಂದು ಬಾಟಲ್ ವೈನ್, ಇಲ್ಲವೇ ದೊಡ್ಡ ಚಾಕೊಲೇಟ್ ಡಬ್ಬ, ಜೊತೆಗೊಂದು ಕಾರ್ಡ್. ಏನೂ ತರಬೇಡಿ ಅಂದಿದ್ದರೂ ಇಷ್ಟು ಇರಲಿ. ನೀವು ಕೊಟ್ಟ ಬಾಟಲನ್ನು ಪಕ್ಕಕ್ಕಿಟ್ಟು ಬೇರೆಯದನ್ನು ತೆಗೆದರೆ ಏನೂ ಅಂದುಕೊಳ್ಳಬೇಡಿ.

ಮೇಜಿನ ಮೇಲೆ ಪ್ರತಿ ತಟ್ಟೆಯ ಪಕ್ಕ ಒಂದು ಕ್ರ್ಯಾಕರ್ ಇರುತ್ತದೆ. ದೊಡ್ಡ ಸೈಜಿನ ಮಿಠಾಯಿ ಕಾಗದದ ಹಾಗೆ ಎರಡೂ ತುದಿ ತಿರುಚಿರುತ್ತದೆ. ಟಾಮ್ ಸ್ಮಿತ್ ಅನ್ನುವ ಲಂಡನ್ನಿನ ಮಿಠಾಯಿ ವ್ಯಾಪಾರಿ 1840ರ ದಶಕದಲ್ಲಿ ಶುರುಮಾಡಿದ್ದು. ಎಲ್ಲರೂ ಕೈ ಅಡ್ಡಡ್ಡ ಮಾಡಿ, ಬಲಗೈಯಲ್ಲಿ ತಮ್ಮದು, ಎಡಗೈಯಲ್ಲಿ ಪಕ್ಕದವರದು ಹಿಡಿದು ಒಮ್ಮೆಲೇ ಎಳೆಯುತ್ತಾರೆ. ಪಟ್ ಅಂತ ಸದ್ದು. ದೊಡ್ಡ ತುಂಡು ಯಾರ ಕೈಗೆ ಬರುತ್ತದೋ ಒಳಗಿನ ಸಾಮಾನು ಅವರಿಗೆ: ಒಂದು ಟಿಶ್ಯೂ ಕಾಗದದ ಕಿರೀಟ, ಒಂದು ಚಿಲ್ಲರೆ ಆಟಿಕೆ, ಒಂದು ಕೆಟ್ಟ ಜೋಕು. ಜೋಕನ್ನು ಗಟ್ಟಿಯಾಗಿ ಓದಬೇಕು, ಎಲ್ಲರೂ "ಅಯ್ಯೋ" ಅಂತ ನರಳಬೇಕು. ಕಿರೀಟ ಹಾಕಿಕೊಳ್ಳಲೇಬೇಕು. ನಮ್ಮ ಮಾವ ಕೋರ್ಟಿನಲ್ಲಿ ಗುಮಾಸ್ತರಾಗಿದ್ದವರು, ಮುಖದಲ್ಲಿ ನಗು ಅನ್ನುವುದೇ ಇಲ್ಲ. ಅವರೂ ಆ ನೇರಳೆ ಕಿರೀಟದಲ್ಲೇ ಪಾತ್ರೆ ತೊಳೆಯುತ್ತಾರೆ.

ಕ್ರಾಯ್ಡನ್_ರಾಯ:
ಅಕ್ಕ ಹೇಳಿದ್ದು ಸರಿ, ಒಂದೆರಡು ತಕರಾರು ಇದೆ. ಟರ್ಕಿ ಜೊತೆ ಯಾರ್ಕ್‌ಷೈರ್ ಪುಡಿಂಗ್ ಇಡುವುದು ನಿಮ್ಮ ಉತ್ತರದವರ ಹಟ. ಅದು ಬೀಫ್ ರೋಸ್ಟಿನ ಜೋಡಿ ಅಂತ ಇಲ್ಲಿ ನನ್ನ ಪಕ್ಕದ ಮನೆಯವರು ಜಗಳಕ್ಕೇ ನಿಲ್ಲುತ್ತಾರೆ.

ಇನ್ನೊಂದು, ಉಡುಗೊರೆ. ನಿಮ್ಮ ಮಗಳಿಗೆ ಮರದ ಕೆಳಗೆ ಏನಾದರೂ ಇಟ್ಟೇ ಇಟ್ಟಿರುತ್ತಾರೆ. ಆ ಮನೆಯಲ್ಲಿ ಮಕ್ಕಳಿದ್ದಾರಾ ಅಂತ ಆಫೀಸಿನಲ್ಲಿ ವಿಚಾರಿಸಿ, ಇದ್ದರೆ ಅವರಿಗೆ ಪುಸ್ತಕವೋ ಆಟಿಕೆಯೋ ತಗೊಂಡು ಹೋಗಿ. ಕೊಟ್ಟವರ ಎದುರೇ ಬಿಚ್ಚುವುದು ಇಲ್ಲಿನ ರೂಢಿ. "ಮನೆಗೆ ಹೋಗಿ ನೋಡೋಣ ಪುಟ್ಟಿ" ಅಂತ ಬ್ಯಾಗಿಗೆ ಹಾಕಿದರೆ ಅವರಿಗೆ ನಿರಾಸೆ.

ಮೂರು ಗಂಟೆಗೆ ಟಿವಿಯಲ್ಲಿ ರಾಜನ ಭಾಷಣ ಬರುತ್ತದೆ. 1932ರಲ್ಲಿ ಐದನೇ ಜಾರ್ಜ್ ರೇಡಿಯೋದಲ್ಲಿ ಶುರುಮಾಡಿದ ಪದ್ಧತಿ, 1957ರಿಂದ ಟಿವಿಯಲ್ಲಿ. ಕೆಲವು ಮನೆಗಳಲ್ಲಿ ಎಲ್ಲರೂ ಸುಮ್ಮನೆ ಕೂತು ಕೇಳುತ್ತಾರೆ. ಕೆಲವರು ಹಾಕುವುದೇ ಇಲ್ಲ, ಹಾಕಿದರೂ ಬೈಯುವುದಕ್ಕೆ ಹಾಕುತ್ತಾರೆ. ಆ ಮನೆ ಯಾವ ಕಡೆ ಅಂತ ತಿಳಿಯುವವರೆಗೆ ರಾಜಮನೆತನದ ಬಗ್ಗೆ ಬಾಯಿ ಬಿಡಬೇಡಿ.

ಡರ್ಬಿವಾಸಿ:
ಇಬ್ಬರಿಗೂ ಥ್ಯಾಂಕ್ಸ್. ಮೊಟ್ಟೆ ವಿಷಯ ಬರೆದು ಕಳಿಸಿದೆ. ಐದೇ ನಿಮಿಷದಲ್ಲಿ ಆ ತಾಯಿ ಸಸ್ಯಾಹಾರಿ ಗ್ರೇವಿ ಪುಡಿಯ ಡಬ್ಬದ ಫೋಟೋ ಕಳಿಸಿ "ಇದು ಆಗುತ್ತಾ?" ಅಂತ ಕೇಳಿದ್ದಾರೆ! ಮಗನೇ ಬಂದು ಕರೆದುಕೊಂಡು ಹೋಗುತ್ತಾನಂತೆ. ಇನ್ನೆರಡು ಪ್ರಶ್ನೆ. ಬಟ್ಟೆ ಏನು ಹಾಕಿಕೊಳ್ಳಬೇಕು, ಸೂಟಾ? ಮತ್ತೆ ಎದ್ದು ಹೊರಡುವುದು ಯಾವಾಗ?

ಶೆಫೀಲ್ಡ್‌ಅಕ್ಕ:
ರಾಯರೇ, ಪುಡಿಂಗ್ ಜಗಳ ಆಮೇಲೆ ಇಟ್ಟುಕೊಳ್ಳೋಣ. ನಮ್ಮಲ್ಲಿ ಟರ್ಕಿ ಜೊತೆಗೂ ಬರುತ್ತದೆ, ಎರಡೆರಡು ಬರುತ್ತದೆ.

ಸೂಟ್ ಬೇಡವೇ ಬೇಡ. ಹಿಮಸಾರಂಗದ ಚಿತ್ರದ ಸ್ವೆಟರ್ ಹಾಕಿದರೆ ಅದಕ್ಕಿಂತ ಒಳ್ಳೆಯದಿಲ್ಲ, ಎಷ್ಟು ಅಸಹ್ಯವಾಗಿದ್ದರೆ ಅಷ್ಟು ಚೆಂದ. ಬೂಟಿನ ವಿಷಯ ಮನೆಯಿಂದ ಮನೆಗೆ ಬೇರೆ. ಬಾಗಿಲ ಹತ್ತಿರ ಬೂಟುಗಳ ಸಾಲಿದ್ದರೆ ಬಿಚ್ಚಿ. ಮಗಳಿಗೆ ಮಾತ್ರ ವೆಲ್ಲಿಂಗ್ಟನ್ ಬೂಟು, ಅಂದರೆ ಕೆಸರಿಗೆ ಹಾಕುವ ರಬ್ಬರ್ ಬೂಟು, ಬೇರೆ ಚೀಲದಲ್ಲಿ ಹಾಕಿಕೊಳ್ಳಿ. ಊಟದ ಮೇಲೆ ಒಂದು ಸುತ್ತು ನಡೆಯಲು ಹೋಗುವುದು ಇವರಿಗೆ ವ್ರತ ಇದ್ದ ಹಾಗೆ. ಮ್ಯಾಟ್‌ಲಾಕ್ ಬೇರೆ ಗುಡ್ಡದ ಊರು, ದಾರಿಯೆಲ್ಲ ಕೆಸರು. ನಾಲ್ಕಕ್ಕೆಲ್ಲ ಸೂರ್ಯ ಮುಳುಗುತ್ತಾನೆ, ಅದಕ್ಕೇ ಕೆಲವರು ಊಟಕ್ಕೆ ಮುಂಚೆಯೇ ಹೋಗಿ ಬರುತ್ತಾರೆ.

ಪಾತ್ರೆ ತೊಳೆಯಲು ನಾನೂ ಬರುತ್ತೇನೆ ಅನ್ನಿ. ಬೇಡ ಅಂದರೂ ಒಂದು ಟವೆಲ್ ಹಿಡಿದು ಒರೆಸಲು ನಿಂತರೆ ಒಳ್ಳೆಯ ಮಾತುಕತೆ ಆಗುವುದು ಅಲ್ಲೇ.

ಹೊರಡುವ ಹೊತ್ತನ್ನು ಅವರಾಗಿ ಹೇಳುವುದಿಲ್ಲ. ಸಂಜೆ ಟೀ, ಕೇಕ್ ಬರುತ್ತದೆ. ಅದಾದ ಮೇಲೆ ಯಾವುದೋ ಬೋರ್ಡ್ ಗೇಮ್, ಅದರಲ್ಲಿ ಸಣ್ಣ ಕಿತ್ತಾಟ. ಆಮೇಲೆ ನೀವೇ ಎರಡೂ ಕೈ ತೊಡೆಯ ಮೇಲೆ ಪಟ್ ಅಂತ ಬಡಿದು "ರೈಟ್!" ಅನ್ನಬೇಕು. ಇಡೀ ಇಂಗ್ಲೆಂಡಿಗೆ ಅರ್ಥವಾಗುವ ಸನ್ನೆ ಅದು. "ಇಷ್ಟು ಬೇಗನಾ?" ಅನ್ನುತ್ತಾರೆ, ಅದನ್ನು ನಂಬಿ ಮತ್ತೆ ಕೂರಬೇಡಿ. ನಿಮ್ಮನ್ನು ಬಿಡಲು ಬರುವ ಮಗನಿಗೆ ಹೊರಡುವ ಹೊತ್ತನ್ನು ಮೊದಲೇ ತಿಳಿಸಿರಿ. ಎದ್ದ ಮೇಲೂ ಕೋಟು ಹಾಕಿಕೊಂಡು ಬಾಗಿಲಲ್ಲಿ ಹವಾಮಾನ, ರಸ್ತೆ, ಮಿಕ್ಕ ಟರ್ಕಿ ಅಂತ ಇಪ್ಪತ್ತು ನಿಮಿಷ ಮಾತು ಇದ್ದೇ ಇರುತ್ತದೆ, ಅಷ್ಟು ಲೆಕ್ಕ ಹಿಡಿದೇ ಎದ್ದೇಳಿ. ಮಾರನೆಯ ದಿನ ಆ ತಾಯಿಗೆ ಒಂದು ಥ್ಯಾಂಕ್ಸ್ ಮೆಸೇಜ್ ಹಾಕಿ, ನಿಮ್ಮ ಹೆಂಡತಿಗೆ ಯಾವುದು ಹಿಡಿಸಿತು ಅಂತ ಹೆಸರು ಹೇಳಿ ಬರೆಯಿರಿ.